ಕಾಕಾರ ವಿಮಾನ ಇಳಿಸಿದ್ದು

ಕಳೆದ ವಾರ ನನ್ನ ಮೈದುನ ಸೋಯಾಬೀನಿಗೆ ಔಷಧ ಹೊಡೆಯುವ ಪಂಪನ್ನು ಅಂಗಳದಲ್ಲಿಟ್ಟುಕೊಂಡು ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿದ್ದ. ನಾನು ಒಳಗೆ ಹೊಲಿಗೆ ಯಂತ್ರದ ಮುಂದೆ ಕುಳಿತು ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದೆ. ಅವನು ಹಗ್ಗ ಎಳೆದ, ಪಂಪು ಕೆಮ್ಮಿತು, ನೀಲಿ ಹೊಗೆಯ ವಾಸನೆ ಹೊಸ್ತಿಲು ದಾಟಿ ಬಂತು. ನನ್ನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಎರಡು ಮನೆ ಆಚೆಗಿನ ಕಾಕಾ ಹೋದ ಮೇಲೆ ಆ ವಾಸನೆ ನಮ್ಮ ಓಣಿಯಲ್ಲಿ ಬಂದದ್ದು ಅದೇ ಮೊದಲು...

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಕಾಸಾರಶಿರಸಿಯ ಹಳೆಯ ಒಕ್ಕಲು ಮನೆತನದವರು. ಹದಿನೆಂಟಕ್ಕೇ ವಾಯುದಳ ಸೇರಿ, ವಿಮಾನ ರಿಪೇರಿಯಲ್ಲಿ ಉದ್ಯೋಗ ಮುಗಿಸಿ, ನಿವೃತ್ತರಾಗಿ ಊರಿಗೆ ಮರಳಿದ್ದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಯಂತ್ರ ಕೈಕೊಟ್ಟಾಗ ಹಿಂದಿ ಮಾತಾಡುತ್ತಿದ್ದರು. ನಾನು ಬಸವಕಲ್ಯಾಣದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಮನೆಯಲ್ಲೇ ಹೊಲಿಗೆ ಶುರು ಮಾಡಿದ್ದೆ. ಒಂದು ಮುಂಜಾನೆ ಅವರು ಬಾಗಿಲಿಗೆ ಬಂದು ನಿಂತರು.

"ಅವ್ವಾ, ಒಂದ್ ಉದ್ದಂದು ಖೋಳ ಹೊಲದ್ ಕೊಡ್ತಿ?"

"ಯಾತಕ್ಕ ಬೇಕ್ರಿ ಕಾಕಾ?"

"ರೆಕ್ಕಿಗಿ."

ನನಗೆ ಕೋಳಿ ನೆನಪಾಗಿ ನಗು ಬಂತು. ಅವರು ನಗಲಿಲ್ಲ. ಗವಸಿನ ಅಳತೆ ತೆಗೆದುಕೊಳ್ಳಲು ಬಾ ಎಂದು ಕರೆದುಕೊಂಡು ಹೋದರು.

ಅವರ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಯುದ್ಧವಿಮಾನ ನಿಂತಿತ್ತು. ಆಟಿಕೆ ಅನ್ನಲು ಬಾಯಿ ಬರುವಂತಿರಲಿಲ್ಲ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎಂಟು ಅಡಿ, ತೂಕ ಹನ್ನೆರಡು ಕಿಲೋ. ಹಗುರ ಕಟ್ಟಿಗೆಯ ಹಂದರ, ಅದರ ಮೇಲೆ ಬಿಗಿದ ಬಟ್ಟೆ, ಮೂಗಿನಲ್ಲಿ ಮರ ಕೊಯ್ಯುವ ಯಂತ್ರದಲ್ಲಿ ಇರುವಂಥ ಪೆಟ್ರೋಲ್ ಎಂಜಿನ್. ನೆಲದ ಮೇಲೆ ನಿಂತು, ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯ ಎರಡು ಕಡ್ಡಿಗಳಿಂದ ಅದನ್ನು ಹಾರಿಸುತ್ತಿದ್ದರು. ನಾನು ಟೇಪು ಹಿಡಿದು ಬೆರಗಾಗಿ ನಿಂತಾಗ ಅವರ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಿಂದ ಇಣುಕಿದರು.

"ನನ್ನ ಸವತೀಗ್ ನೋಡ್ಲಕ್ ಬಂದ್ಯಾ? ನೋಡು, ನೋಡು. ಆಕಿಗಿ ಎಣ್ಣಿ ಹಾಕ್ತಾರ, ಮೈ ಒರಸ್ತಾರ. ನನ್ನ ಮೊಣಕಾಲ್ ನೋಯ್ಲತ್ತದ ಅಂದ್ರ ಇವರಿಗಿ ಕಿವೀನೇ ಕೇಳಲ್ಲ."

ಕಾಕಾ ಕಿವಿ ಕೇಳದವರಂತೆ ಟೇಪಿನ ಇನ್ನೊಂದು ತುದಿ ಹಿಡಿದರು.

ಅವರು ವಾಯುದಳದ ತರಬೇತಿ ಪಡೆದ ಶಿಬಿರದಲ್ಲಿ, ಗೇಟಿನ ಪಕ್ಕಕ್ಕೆ, ಮಹಾಯುದ್ಧದ ಕಾಲದ ಹಳೆಯ ವಿಮಾನವೊಂದನ್ನು ನಿಲ್ಲಿಸಿದ್ದರಂತೆ. ಹೊಸ ಹುಡುಗರು ಪಾಳಿಯ ಮೇಲೆ ಅದನ್ನು ತೊಳೆಯಬೇಕಿತ್ತು. ಎಂಜಿನ್ ಇಲ್ಲದ, ಎಂದೂ ಹಾರದ ವಿಮಾನ. "ತೊಳದ್ ತೊಳದ್ ಒಂದ್ ದಿನ ಅನ್ನಸ್ತು ನೋಡವ್ವಾ, ಇದು ಹಾರಿದ್ರ ಹ್ಯಾಂಗ್ ಕಾಣ್ತದಂತ." ಆ ಆಸೆ ಹೊಟ್ಟೆಯಲ್ಲಿಟ್ಟುಕೊಂಡು ಹತ್ತಿರ ಹತ್ತಿರ ನಲವತ್ತು ವರ್ಷ ಬೇರೆಯವರ ವಿಮಾನ ದುರಸ್ತಿ ಮಾಡಿ, ಊರಿಗೆ ಬಂದು ಅದೇ ರೂಪದ ತಮ್ಮದೊಂದನ್ನು ಕಟ್ಟಿದರು. ಮೊಳೆ-ಬೋಲ್ಟುಗಳಿಗೆ ಉಮರ್ಗಾದ ಲೇತಿನ ಅಂಗಡಿಗೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿಬಂದರೋ. ಗವಸಿಗೆ ದಪ್ಪ ಬಟ್ಟೆಯನ್ನು ಉದಗೀರದಿಂದ ತಾವೇ ಹೊತ್ತು ತಂದರು.

ಗೋಡೆಯ ಮೇಲೆ ಮೊಳೆಗಳಿಗೆ, ವಿಮಾನದ ಮೂಗಿಗೆ ಸಿಕ್ಕಿಸುವ ಏಳೆಂಟು ಪಂಖಾ ತೂಗುಹಾಕಿದ್ದರು. ಎಲ್ಲ ಮರದವು, ಒಂದೊಂದು ಒಂದೊಂದು ಅಳತೆ. ಎಲ್ಲ ಒಂದೇ ಥರ ಕಾಣ್ತಾವಲ್ಲ ಅಂದೆ. ಅದೊಂದು ಮಾತಿಗೆ ಅವತ್ತು ನನ್ನ ಅರ್ಧ ದಿನ ಹೋಯಿತು. ಪಂಖಾದ ಮೇಲೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಉದ್ದ. ಎರಡನೆಯದು ಅದರ ತಿರುವು, ಅಂದರೆ ಒಂದು ಸುತ್ತಿಗೆ ಅದು ಗಾಳಿಯೊಳಗೆ ಎಷ್ಟು ಇಂಚು ಮುಂದೆ ಕೊರೆದುಕೊಂಡು ಹೋಗುತ್ತದೆ ಅನ್ನುವ ಲೆಕ್ಕ.

"ಟ್ರ್ಯಾಕ್ಟರ್ ಗೇರ್ ಇದ್ದಂಗ. ತಿರುವು ಕಡಿಮಿ ಇದ್ರ ಒಂದನೇ ಗೇರ್. ಜೋರ್ ಎಳೀತದ, ಓಡಲ್ಲ. ತಿರುವು ಹೆಚ್ಚಿದ್ರ ಓಡ್ತದ, ಆದ್ರ ಇಳಸೋ ಮುಂದ ನಿಲ್ಲವಲ್ದು. ಉದ್ದಂದು ಹಾಕ್ತೀನಿ ಅಂದ್ರ ಬಾಲ ಎತ್ತಿದ ಕೂಡ್ಲೆ ತುದಿ ನೆಲಕ್ಕ್ ಬಡೀತದ. ಎಲ್ಲಾ ನೋಡಿ ಒಂದ್ ಆರಸ್ಬೇಕು."

ಆರಿಸಿದ್ದನ್ನೂ ಹಾಗೇ ಹಾಕುತ್ತಿರಲಿಲ್ಲ. ನಡುವಿನ ತೂತಿಗೆ ಸಣ್ಣ ಸಲಾಕೆ ತೂರಿಸಿ, ಯಾವ ಅಲಗು ಕೆಳಗೆ ಬಾಗುತ್ತದೆ ನೋಡಿ, ಹಗುರವಾದ ಕಡೆಗೆ ಕುಂಚದಿಂದ ವಾರ್ನಿಶ್ ಸವರುತ್ತಿದ್ದರು. ಒಣಗಿದ ಮೇಲೆ ಮತ್ತೆ ತೂಗಿ ನೋಡುವುದು, ಮತ್ತೆ ಸವರುವುದು...

ಎಲ್ಲಕ್ಕಿಂತ ಮೇಲಿನ ಮೊಳೆಗೆ ಮೂರು ಅಲಗಿನ ಪಂಖಾ ಇತ್ತು. ಗೇಟಿನ ಪಕ್ಕದ ಆ ಹಳೆಯ ವಿಮಾನಕ್ಕೆ ಇದ್ದದ್ದು ಮೂರೇ. ಅದನ್ನು ಹಾಕಿದರೆ ವಿಮಾನದ ಮುಖವೇ ಬದಲಾಗುತ್ತಿತ್ತು. ಆದರೆ ಹಾರಿಸುವ ಮುಂಚೆ ಅದನ್ನು ಬಿಚ್ಚಿ ಎರಡಲಗಿನದು ಹಾಕುತ್ತಿದ್ದರು. ಯಾಕೆಂದು ಕೇಳಿದೆ. "ಎಂಜಿನ್ ವೇಗ ಇಳಿಸಿದ್ವಿ ಅಂದ್ರ ಇದು ಗಾಳಿಗಿ ಗ್ವಾಡಿ ಕಟ್ಟಿದಂಗ್ ಆಗ್ತದ. ನೆಲ ಸನೇಕ್ ಬಂದಾಗ ವಿಮಾನ ಧಡ್ ಅಂತ ಕುಸೀತದ" ಅಂದರು.

ಊರ ಹೊರಗಿನ ಅವರ ಹೊಲದಲ್ಲಿ ಮುರುಮಿನ ದಿಬ್ಬವೊಂದಿದೆ, ಏನು ಬಿತ್ತಿದರೂ ಬಾರದ ಜಾಗ. ಅದಕ್ಕೆ ರೋಲರ್ ಎಳೆಸಿ ಉದ್ದನೆಯ ಪಟ್ಟಿ ಮಾಡಿದ್ದರು. ಹಾರಿಸುವ ಮುಂಚೆ ಠಾಣೆಗೆ ಚೀಟಿ ಬರೆದು ತಿಳಿಸುತ್ತಿದ್ದರು. ಗವಸು ಕಳಚಲು ನಾನೂ ಕೆಲವೊಮ್ಮೆ ಹೋಗುತ್ತಿದ್ದೆ. ಕಾಕು ಮಾತ್ರ ಎಂದೂ ಬರಲಿಲ್ಲ. ಬಿದ್ದರೆ ಇವರ ಮುಖ ನೋಡಲಾಗುವುದಿಲ್ಲ ಅನ್ನುತ್ತಿದ್ದರು.

ಒಂದು ಬೇಸಗೆ ಅದು ಬಿದ್ದೇ ಬಿತ್ತು. ಇಳಿಯಲು ಬಂದ ವಿಮಾನ ನೆಲಕ್ಕೆ ಆಳೆತ್ತರ ಇರುವಾಗ ಎಡ ರೆಕ್ಕೆ ವಾಲಿ ಮಣ್ಣಿಗೆ ಕುಟ್ಟಿತು. ನಾನು ಕಾಕಾರ ಪಕ್ಕದಲ್ಲೇ ಇದ್ದೆ. ಎಂಜಿನ್ ಕಡ್ಡಿಯ ಮೇಲಿನ ಅವರ ಎಡ ಹೆಬ್ಬೆರಳು, ಗಾಳಿಗೆ ಸಿಕ್ಕ ಎಲೆಯಂತೆ, ನಡುಗುತ್ತಿದ್ದುದನ್ನು ಕಂಡೆ. ಸುತ್ತ ನಿಂತವರಿಗೆ ಅವರು "ಗಾಳಿ ಬಂತು" ಅಂದರು. ಎಲ್ಲರೂ ಹೋದ ಮೇಲೆ ಬದುವಿನ ಮೇಲೆ ಕುಳಿತರು.

"ಅವ್ವಾ, ನೀ ನೋಡ್ದಿ."

"ನೋಡ್ದೆ ಕಾಕಾ."

"ನಿಮ್ಮ ಕಾಕುಗ ಹೇಳಬ್ಯಾಡ. ಅಂಜ್ತಾಳ."

ನಾನು ಹೇಳಲಿಲ್ಲ. ಕೈ ತೋರಿಸಲು ಲಾತೂರಿನ ಡಾಕ್ಟರ ಬಳಿ ಹೋಗುವಾಗ ಅವರು ಮನೆಯಲ್ಲಿ "ನಿಲಂಗಾದಾಗ ಕೆಲಸ ಅದ" ಅಂತ ಹೇಳಿ ಹೊರಡುತ್ತಿದ್ದರು. ಮಳೆಗಾಲವೆಲ್ಲ ಮುರಿದ ರೆಕ್ಕೆ ಕಟ್ಟಿದೆವು. ಅವರು ಹಂದರ ಕೂಡಿಸಿದರು, ನಾನು ಬಟ್ಟೆ ಎಳೆದು ಹಚ್ಚಿ ಇಸ್ತ್ರಿಯ ಬಿಸಿಯಲ್ಲಿ ಬಿಗಿಸಿದೆ. ಕೊನೆಯ ಸುಕ್ಕು ಹೋದ ದಿನ ಅವರು ನನ್ನ ಕೈ ನೋಡುತ್ತ ಕೇಳಿದರು.

"ನೀ ಹಾರಸ್ತಿ?"

"ನನಗ ಸೈಕಲ್ ಸುದ್ದಾ ಬರಲ್ರಿ ಕಾಕಾ!"

"ಸೈಕಲ್ ಮಾತ್ ಬ್ಯಾರೆ. ನೀ ಹೊಲಿಯೋದ್ ನೋಡೀನಿ. ಬಟ್ಟಿ ಸೂಜಿ ಸನೇಕ್ ಬಂದಾಗ ನೀ ಅಂಜಲ್ಲ, ಎಳಿಯಲ್ಲ. ಅದರ ಪಾಡಿಗಿ ಅದಕ್ಕ್ ಬಿಡ್ತಿ, ಬರೇ ಕೈ ಇಟ್ಟಿರ್ತಿ. ಇಳಸೋದೂ ಅಷ್ಟೇ."

ಬೆಂಡಿನಂಥ ಹಗುರ ವಸ್ತುವಿನ ಸಣ್ಣ ವಿಮಾನವೊಂದನ್ನು ತರಿಸಿ ಕಲಿಸತೊಡಗಿದರು. ಮುಂಜಾನೆ ರೊಟ್ಟಿ ಬಡಿದು, ಸೆರಗು ಸಿಕ್ಕಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದೆ. ಓಣಿಯ ಹೆಂಗಸರು ನಕ್ಕರು. ದಾಲ್ ಮಿಲ್ಲಿಗೆ ಹೋಗುತ್ತಿದ್ದ ನನ್ನ ಗಂಡನೂ ಮೊದಮೊದಲು ನಕ್ಕ. ವಿಮಾನ ನನ್ನಿಂದ ದೂರ ಹೋಗುವಾಗ ಎಲ್ಲ ಸರಿ ಇರುತ್ತಿತ್ತು. ತಿರುಗಿ ನನ್ನ ಕಡೆ ಬರುವಾಗ ಎಡ ಬಲವಾಗಿ, ಬಲ ಎಡವಾಗಿ ತಲೆ ಕೆಡುತ್ತಿತ್ತು. "ಎಡ-ಬಲ ಮರತ್ ಬಿಡು. ಯಾವ ರೆಕ್ಕಿ ಕೆಳಗ ಬಿದ್ದದ, ಆ ಕಡೆ ಕಡ್ಡಿ ಒತ್ತು. ಬಿದ್ದಾಂವಗ ಕೈ ಕೊಟ್ಟಂಗ" ಅಂದರು. ಆಮೇಲೆ ಎಂದೂ ತಪ್ಪಲಿಲ್ಲ. ಆದರೂ ಅದರ ಮೂಗು ಮೂರು ಸಲ ಮುರಿದೆ. ಮೂರು ಸಲವೂ ಅವರೇ ಅಂಟಿಸಿದರು.

ಒಂದು ಮಾತನ್ನು ದಿನಾ ಹೇಳುತ್ತಿದ್ದರು. ದೊಡ್ಡ ವಿಮಾನ ಭಾರ, ಅದು ತೇಲಿ ಇಳಿಯುವ ಜಾತಿಯಲ್ಲ. ಅಂಜಿ ಎಂಜಿನ್ ಪೂರ್ತಿ ಇಳಿಸಿದರೆ ರೆಕ್ಕೆ ಗಾಳಿ ಬಿಟ್ಟು ಬೀಳುತ್ತದೆ. "ಚಕ್ರ ನೆಲ ಮುಟ್ಟೋತನ ಪಂಖಾ ಎಳೀತಿರ್ಬೇಕು. ಮುಟ್ಟಿದ ಮ್ಯಾಲ ಹಳೂಕ ಬಿಡು."

ಹೀಗೆ ಒಂದು ವರ್ಷ ಕಳೆಯಿತು. ಎಳ್ಳಮಾವಾಸ್ಯೆ ಮುಗಿದ ಮರುವಾರ ದೊಡ್ಡದನ್ನು ಹೊರಗೆ ತಂದೆವು. ನೋಡುತ್ತೇನೆ, ಅದರ ಮೂಗಿಗೆ ಮೂರಲಗಿನ ಪಂಖಾ.

"ಕಾಕಾ, ಇದು ಕುಸೀತದ ಅಂತ ನೀವೇ ಹೇಳಿದ್ರಿ!"

"ಹೇಳಿದ್ದೆ. ಅದಕ್ಕೇ ನೀ ಎಂಜಿನ್ ಬಿಡಬ್ಯಾಡ, ಬಸ್."

"ಮುರದ್ರ?"

ಅವರು ಪಂಖಾದ ನಟ್ಟನ್ನು ಇನ್ನೊಮ್ಮೆ ಬಿಗಿದರು. "ಮುಂದಿನ ವರ್ಷ ನಾ ಈ ಹೊಲಕ್ಕ್ ನಡ್ಕೊಂಡ್ ಬರ್ತೀನೋ ಇಲ್ಲೋ ಅವ್ವಾ. ಒಮ್ಮಿ ನೋಡ್ತೀನಿ" ಅಂದರು.

ನಾನು ರೇಡಿಯೋ ಪೆಟ್ಟಿಗೆ ಕೈಗೆತ್ತಿಕೊಂಡೆ. ನನ್ನ ಗಂಡ ಬಾಲ ಹಿಡಿದ. ಕಾಕಾ ಚರ್ಮದ ಕೈಗವಸು ತೊಟ್ಟು, ಪಂಖಾ ತಿರುವಿ ಎಂಜಿನ್ ಚಾಲೂ ಮಾಡಿದರು. ಮುರುಮಿನ ಪುಡಿ ಹಿಂದಕ್ಕೆ ಹಾರಿತು. ಅವರು ನಡೆದು ಬಂದು ನನ್ನ ಪಕ್ಕದಲ್ಲಿ ನಿಲ್ಲಲಿಲ್ಲ, ನಾಲ್ಕು ಹೆಜ್ಜೆ ಹಿಂದೆ ನಿಂತರು.

ಕಡ್ಡಿ ಮುಂದೊತ್ತಿದೆ. ಬಾಲ ಎದ್ದಿತು, ಚಕ್ರ ನೆಲ ಬಿಟ್ಟಿತು, ತೊಗರಿ ಹೊಲದ ಮೇಲೆ ಏರಿತು. ಮೂರು ಸುತ್ತು ಹಾಕಿದೆ. ಹೊಲಹೊಲಗಳಲ್ಲಿ ಜನ ಕೆಲಸ ನಿಲ್ಲಿಸಿ ನಿಂತದ್ದು ಗೊತ್ತಾಗುತ್ತಿತ್ತು, ಆದರೆ ನೋಡಲು ಕಣ್ಣಿಗೆ ಬಿಡುವಿರಲಿಲ್ಲ. ಇಳಿಸಲು ಬಂದಾಗ ಮೊದಲ ಸಲ ಎತ್ತರ ಹೆಚ್ಚಾಯಿತು. ಮತ್ತೆ ಎಂಜಿನ್ ಏರಿಸಿ ಸುತ್ತು ಹಾಕಿದೆ. ಎರಡನೆಯ ಸಲ ಸರಿಯಾಗಿ ಪಟ್ಟಿಯ ನೇರಕ್ಕೆ ಬಂತು. ನೆಲ ಹತ್ತಿರವಾಯಿತು. ಹೆಬ್ಬೆರಳು ತಾನಾಗಿ ಹಿಂದೆ ಸರಿಯಿತು, ಎಂಜಿನ್ ಸದ್ದು ಇಳಿಯಿತು. ವಿಮಾನ ಧಡಕ್ಕನೆ ತಗ್ಗಿತು. ಅವರು ಹೇಳಿದ ಹಾಗೇ. ಬಲ ರೆಕ್ಕೆ ವಾಲತೊಡಗಿತು.

ಹಿಂದಿನಿಂದ ಒಂದು ಮಾತೂ ಬರಲಿಲ್ಲ. ಬಂದಿದ್ದರೆ ಬಹುಶಃ ನಾನು ಅಂಜುತ್ತಿದ್ದೆ. ಬಿದ್ದ ಕಡೆಗೆ ಕಡ್ಡಿ ಒತ್ತಿದೆ, ಎಂಜಿನ್ ತುಸು ಏರಿಸಿ ಹಿಡಿದೆ. ರೆಕ್ಕೆ ಸಮ ಆಯಿತು. ಆಮೇಲೆ ಏನೂ ಮಾಡಲಿಲ್ಲ, ಬರೀ ಕೈ ಇಟ್ಟಿದ್ದೆ. ಎರಡೂ ಚಕ್ರ ಒಟ್ಟಿಗೆ ಮುಟ್ಟಿದವು, ಓಡಿದವು. ಬಾಲ ಮೆಲ್ಲಗೆ ಕೂತಿತು. ಬ್ರೇಕಿಲ್ಲದ ಬಂಡಿ, ಪಟ್ಟಿಯ ಕೊನೆ ದಾಟಿ ಮೆತ್ತನೆಯ ಮಣ್ಣಿಗೆ ಹೋಗಿ ಮೂಗು ಊರಿತು. ಒಂದು ಅಲಗು ಚಟ್ಟನೆ ಮುರಿಯಿತು.

ನನಗೆ ಅಳುವೇ ಬಂದಿತ್ತು. ಕಾಕಾ ನನ್ನ ದಾಟಿ ಹೋಗಿ ಮುರಿದ ಅಲಗನ್ನು ಎತ್ತಿಕೊಂಡು ಮಣ್ಣು ಒರೆಸಿದರು. "ಪಂಖಾ ಮುರೀಲಕ್ಕೇ ಇರ್ತದವ್ವಾ. ಅದು ಮುರದ್ರ ಎಂಜಿನ್ ಉಳೀತದ" ಅಂದರು. ಆಮೇಲೆ, ನನ್ನ ಕಡೆ ನೋಡದೆ: "ಇಷ್ಟ್ ದಿನ ನಾ ಹಾರಸ್ದೆ, ನೋಡ್ಲಿಲ್ಲ. ಹಾರಸಾಂವಗ ರೆಕ್ಕಿ ವಾಲ್ತಾ, ಎಂಜಿನ್ ನಿಲ್ತಾ, ಇಷ್ಟೇ ಕಾಣ್ತದ. ಇವತ್ತ್ ನೋಡ್ದೆ."

ಅವರ ಮನೆಗೆ ಬಂದಾಗ ಕಾಕು ಚಹಾ ಕೊಟ್ಟರು. ನನ್ನ, ನನ್ನ ಗಂಡನ ಕಪ್ಪು ತುಂಬಿತ್ತು, ಕಾಕಾರದು ಅರ್ಧ. ಅವರು ಕುಡಿದು ಮುಗಿಸಿದಾಗ ಕಾಕು ಇನ್ನರ್ಧ ಹಾಕಿದರು. ಕಾಕಾರ ಕೈ ನಡುಗಿದರೂ ಹನಿಯೂ ಚೆಲ್ಲಲಿಲ್ಲ. ಎಷ್ಟು ದಿನದಿಂದ ಹೀಗೆ ಹಾಕುತ್ತಿದ್ದರೋ... ನಾನು ಕಾಕುವಿನ ಮುಖ ನೋಡಿದೆ. ಅವರು ಸುಮ್ಮನಿರು ಅನ್ನುವಂತೆ ಕಣ್ಣಲ್ಲೇ ಹೇಳಿದರು.

ಮುರಿದ ಪಂಖಾದ ಜಾಗಕ್ಕೆ ಎರಡಲಗಿನದು ಹಾಕಿ ಆ ಚಳಿಗಾಲ ಇನ್ನೆರಡು ಸಲ ಹಾರಿಸಿದೆ. ಕಾಕಾ ಕುರ್ಚಿಯಲ್ಲಿ ಕುಳಿತು ನೋಡಿದರು. ಮರುವರ್ಷ ಅವರನ್ನು ಹೊಲದವರೆಗೆ ಕರೆದೊಯ್ಯಲಾಗಲಿಲ್ಲ. ನಡುಕ ಕಾಲಿಗೂ ಇಳಿದಿತ್ತು. ನಾನು ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದಾಗ ಒಂದು ಮಧ್ಯಾಹ್ನ ಕಾಕಾ ಹೋದರೆಂದು ಫೋನು ಬಂತು. ಉಮರ್ಗಾದಲ್ಲಿ ಬಸ್ಸು ಬದಲಿಸಿ ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರದೇ ಹೊಲದಲ್ಲಿ, ಪಟ್ಟಿಯ ಮಗ್ಗುಲಿಗೆ, ಮಣ್ಣು ಮಾಡಿದ್ದರು. ಹಸಿ ಮಣ್ಣಿನ ಮೇಲೆ ವಿಭೂತಿ, ಬಿಲ್ವಪತ್ರಿ. ನಾನು ಕೊನೆಯ ಮುಖ ನೋಡಲಿಲ್ಲ. ಆ ನೋವು ನನಗೆ ಇಂದಿಗೂ ಹೋಗಿಲ್ಲ.

ಕಳೆದ ವಾರ ಕುಪ್ಪಸವನ್ನು ಅರ್ಧಕ್ಕೆ ಬಿಟ್ಟು ಕಾಕು ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕುಳಿತು ಹೆಸರುಕಾಳು ಆರಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತು ಮೊರಕ್ಕೆ ಕೈ ಹಾಕಿದೆ. ಕಾಕಾರ ಕೊನೆಯ ಮುಖ ನನಗೆ ಸಿಗಲೇ ಇಲ್ಲ ಅಂದೆ, ಹೇಗೋ ಬಾಯಿಗೆ ಬಂತು.

ಕಾಕು ಕಲ್ಲೊಂದನ್ನು ಆರಿಸಿ ಆಚೆ ಒಗೆದರು.

"ಆವತ್ತ್ ನಾನೂ ಹೊಲಕ್ಕ್ ಬಂದಿದ್ದೆ" ಅಂದರು. "ನೀ ಇಳಸಿದ್ ದಿನ. ಬನ್ನಿ ಗಿಡದ ಹಿಂದ ನಿಂತಿದ್ದೆ. ನಿಮಗ್ ಯಾರಿಗೀ ಗೊತ್ತಿಲ್ಲ."

"ಖರೇನ? ಹಂಗಾದ್ರ ನೀವೂ ವಿಮಾನ ನೋಡಿದ್ರಿ!"

"ವಿಮಾನ ಯಾಂವ ನೋಡ್ತಾನ? ಇವರಿಗಿ ನೋಡ್ಲತ್ತಿದ್ದೆ. ಕೈ ಎರಡೂ ಹಿಂದ್ ಕಟ್ಕೊಂಡಿದ್ರು. ಕೈ ಹಂಗ್ ನಡುಗ್ಲತ್ತಿತ್ತು, ಇವರಿಗಿ ಖಬರೇ ಇಲ್ಲ. ಕತ್ತು ಮ್ಯಾಲ್ ಮಾಡಿ, ಬಾಯಿ ತೆರ್ಕೊಂಡು, ಅದು ಹೋದ ಕಡೆ ಇವರೂ ತಿರಗ್ತಿದ್ರು. ನೀ ಇಳಸಿದ ಮ್ಯಾಲ ಕಣ್ಣ್ ಒರಸ್ಕೊಂಡ್ರು, ಟೋಪಿಲಿಂದ. ಆಮ್ಯಾಲ ನಿನ್ನ ಕಡೆ ಬಂದ್ರು."

ನಾನು ನಾಲ್ಕು ಹೆಜ್ಜೆ ಮುಂದೆ ಇದ್ದವಳು, ಆಕಾಶ ಬಿಟ್ಟು ಬೇರೇನೂ ನೋಡದವಳು. ಇದು ಯಾವುದೂ ನನಗೆ ಗೊತ್ತಿರಲಿಲ್ಲ.

"ಇನ್ನೊಮ್ಮಿ ಹೇಳ್ರಿ ಕಾಕು" ಅಂದೆ.

ಅವರು ಮೊರ ಕೆಳಗಿಟ್ಟು, ಕಣ್ಣು ಒರೆಸಿಕೊಂಡು, ಮೊದಲಿನಿಂದ ಹೇಳಿದರು.