ಅಕ್ಕನ ಕಣ್ಣಿನ ಹಿಂದಿನ ಬಿಳಿ ಚುಕ್ಕೆ

ಆ ಭಾನುವಾರ ಭದ್ರಾವತಿಯ ಅಕ್ಕನ ಮನೆಯಲ್ಲಿ ಮಾಡಿದ ಕೆಲಸ: ಸಬ್ಬಕ್ಕಿ ಬೇಯಿಸಿ ಗಂಜಿ ಹದಕ್ಕೆ ತಂದದ್ದು, ಅದಕ್ಕೆ ಜೀರಿಗೆ ಹಸಿಮೆಣಸಿನಕಾಯಿ ಅರೆದು ಹಾಕಿದ್ದು, ತಾರಸಿ ಗುಡಿಸಿ ಭಾವನ ಹಳೇ ಪಂಚೆ ಹಾಸಿ ಮೂಲೆಗಳಿಗೆ ಕಲ್ಲಿಟ್ಟದ್ದು, ಹಾಲು ಕಾಯಿಸಿದ್ದು, ಭಾವನಿಗೆ ಎರಡನೇ ಸಲ ಕಾಫಿ ಕೊಟ್ಟದ್ದು. ಸಂಡಿಗೆ ಇಡುವುದು ಮಾತ್ರ ಅರ್ಧಕ್ಕೇ ನಿಂತಿತು.

ನನ್ನ ಮನೆ ಶಿವಮೊಗ್ಗದ ಹೊಸಮನೆಯಲ್ಲಿ. ಬಿಸಿಲು ಬಲಿತ ಮೇಲೆ ಸಂಡಿಗೆಗೆ ಅಂತ ಅಕ್ಕನ ಮನೆಗೆ ಹೋಗಿ ಒಂದೆರಡು ದಿನ ಇದ್ದು ಬರ್ತೀನಿ. ಅವಳ ತಾರಸಿಗೆ ಎಲ್ಲೂ ನೆರಳು ಬೀಳುವುದಿಲ್ಲ.

ಅಕ್ಕ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂತಳು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡಾಗ ದೀಪದ ಬೆಳಕು ಅದರ ಕರೀ ಮೈಮೇಲೆ ಚುಕ್ಕೆಯಾಗಿ ಬೀಳುತ್ತದಲ್ಲ, ಅದನ್ನೇ ರೆಪ್ಪೆ ಬಡಿಯದೆ ನೋಡುವುದು. ನಮ್ಮಿಬ್ಬರಿಗೂ ಅಜ್ಜಿ ಕಲಿಸಿದ್ದು. ಅಜ್ಜಿ ಒಂದು ಕಟ್ಟನ್ನೂ ಹಾಕಿದ್ದರು: ಪೂಜೆಯಲ್ಲಿ ಕಂಡದ್ದನ್ನು ಯಾರಿಗೂ ಹೇಳಬಾರದು. ನನಗೆ ಯಾವತ್ತೂ ಏನೂ ಕಂಡಿಲ್ಲ, ಹಾಗಾಗಿ ಪಾಲಿಸುವುದು ಕಷ್ಟವಾಗಲಿಲ್ಲ.

ಆವತ್ತು ಅವಳು ತಾರಸಿಗೆ ಬಂದದ್ದು ತಡವಾಗಿ. ಸೌಟು ಹಿಡಿದು ಕೂತು ಗಂಜಿ ಬಿಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳ ಸಂಡಿಗೆಗಳು ಪಂಚೆಯ ಅಂಚು ದಾಟಿ ಬರೀ ಸಿಮೆಂಟಿನ ಮೇಲೆ ಬೀಳುತ್ತಿವೆ. ಒಂದೊಂದೂ ದುಂಡಗೆ, ಸಾಲು ತಪ್ಪದೆ.

"ಏನಕ್ಕಾ, ಕಾಗೆಗಳಿಗೆ ಬೇರೆ ಪಂಕ್ತಿನಾ?" ಅಂದೆ.

ಅವಳು ನಗಲಿಲ್ಲ. ಬಲಗಡೆಗೆ ಸ್ವಲ್ಪ ವಾಲಿ, ದನಿ ಇಳಿಸಿ ಕೇಳಿದಳು: "ಈ ಪಕ್ಕ ಯಾರೇ ನಿಂತಿರೋದು?"

ಅಲ್ಲಿ ನೀರಿನ ಟ್ಯಾಂಕು ಬಿಟ್ಟರೆ ಏನೂ ಇರಲಿಲ್ಲ. ತಲೆ ಸುಡುವ ಬಿಸಿಲು.

"ಯಾರೂ ಇಲ್ವಲ್ಲ."

"ಹಂಗಾದ್ರೆ ಯಾಕೆ ಅಷ್ಟು ಕತ್ತಲೆ?"

ಹತ್ತಿರ ಹೋಗಿ ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದೆ. ಬಲಗಣ್ಣು ಅಗಲವಾಗಿ ತೆರೆದೇ ಇತ್ತು, ನನ್ನ ಮುಖದ ಕಡೆಗೇ. "ಈಗ ಕಾಣ್ತೀನಾ?" ಅಂದೆ.

"ನೀನು ಎಲ್ಲಿದೀಯ?" ಅಂದಳು.

ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುತ್ತಿಲ್ಲ. ನಾನು ಹುಟ್ಟಿದಾಗಿನಿಂದ ನನ್ನನ್ನು ನೋಡಿದ ಕಣ್ಣು ನನ್ನನ್ನು ದಾಟಿ ಎಲ್ಲಿಗೋ ನೋಡುತ್ತಿತ್ತು.

ಕೆಳಗೆ ಭಾವ ರೇಡಿಯೋ ಪಕ್ಕ ಕೂತಿದ್ದರು. "ಕನ್ನಡಕ ಬದಲಾಯಿಸು ಅಂತ ಹೇಳಿ ಹೇಳಿ ಸಾಕಾಯ್ತು. ಕಣ್ಣಿನ ಡಾಕ್ಟ್ರು ನಾಳೆನೇ ಸಿಗೋದು."

"ನೀವು ಕಾಫಿ ಮುಗಿಸಿ ಭಾವ, ನಾನು ಆಟೋ ಕರೀತೀನಿ," ಅಂದೆ. ನನ್ನ ಮುಖ ನೋಡಿ ಅವರೂ ಅಂಗಿ ಹಾಕಿಕೊಂಡರು.

ಹತ್ತಿರದ ಸಣ್ಣ ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಇದ್ದದ್ದು ಮಗಳ ವಯಸ್ಸಿನ ಡಾಕ್ಟರಮ್ಮ. ಅಕ್ಕನನ್ನು ನಗಿಸಿ ನೋಡಿದರು, ಎರಡೂ ಕೈ ಎತ್ತಿಸಿದರು, ಬಿಪಿ ನೋಡಿದರು. ಬಾಯಿ ಸೊಟ್ಟಗಾಗಿರಲಿಲ್ಲ, ಕೈ ಇಳಿಯಲಿಲ್ಲ.

"ಯಾವಾಗಿಂದ ಹೀಗಾಗಿದೆ ಅಮ್ಮಾ?"

ಅಕ್ಕ ಸೆರಗಿನೊಳಗೆ ಕೈ ಹಾಕಿ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಳು. "ನಿನ್ನೆಯಿಂದ ಇರಬೇಕು."

ಡಾಕ್ಟರಮ್ಮನ ಮುಖ ಇಳಿಯಿತು. "ಇದು ಕಣ್ಣಿಗೇ ಬಂದಿರೋ ಸ್ಟ್ರೋಕ್ ಇರಬಹುದು. ರಕ್ತನಾಳ ಕಟ್ಟಿಕೊಂಡಿರುತ್ತೆ. ಶುರುವಾಗಿ ನಾಲ್ಕೂವರೆ ಗಂಟೆ ಆಗಿರದಿದ್ರೆ ಶಿವಮೊಗ್ಗದಲ್ಲಿ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದಿತ್ತು. ನಿನ್ನೆಯಿಂದ ಅಂದ್ರೆ ಹೊತ್ತು ಮೀರಿದೆ."

"ನಿನ್ನೆ ರಾತ್ರಿ ಸೂಜಿಗೆ ದಾರ ಪೋಣಿಸಿ ನನ್ನ ರವಿಕೆಗೆ ಹುಕ್ಸ್ ಹಾಕಿಕೊಟ್ಟಳಲ್ಲ!" ಅಂದೆ.

"ನೀನು ಸುಮ್ನಿರೇ," ಅಂದಳು ಅಕ್ಕ.

"ಅಂದಾಜಿನ ಮೇಲೆ ಕೊಡೋ ಔಷಧಿ ಅಲ್ಲ ಅದು. ಮೆದುಳಲ್ಲಿ ರಕ್ತ ಸೋರಬಹುದು," ಅಂದ ಡಾಕ್ಟರಮ್ಮ ಒಂದು ಮೆಷಿನ್ ತಳ್ಳಿಸಿಕೊಂಡು ಬಂದರು. ಬಸುರಿಯರ ಹೊಟ್ಟೆ ನೋಡುತ್ತಾರಲ್ಲ, ಅದೇ ಸ್ಕ್ಯಾನಿಂಗ್. ಇವರು ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಜೆಲ್ ಹಾಕಿ, ಒತ್ತದೆ, ಅದರ ಹಿಡಿಯನ್ನು ಹಗುರಾಗಿ ಇಟ್ಟರು. ಪರದೆ ಎಳೆದು ಲೈಟ್ ಆರಿಸಿದರು.

ಸ್ಕ್ರೀನಿನ ಮೇಲೆ ಒಂದು ಕರೀ ಗುಂಡು. ಅದರ ಹಿಂದೆ ತೊಟ್ಟಿನ ಹಾಗೆ ಕಪ್ಪು ನರ, ಮೆದುಳಿನ ಕಡೆಗೆ ಇಳಿದುಹೋಗಿತ್ತು.

"ಮುಚ್ಚಿದ ಕಣ್ಣಲ್ಲೇ ಎಡಕ್ಕೆ ನೋಡಿ ಅಮ್ಮಾ. ಈಗ ಬಲಕ್ಕೆ."

ಗುಂಡು ಹೊರಳಿತು. ಮಂಚದ ಮೇಲೆ ಅಕ್ಕ ಕಣ್ಣು ಮುಚ್ಚಿ, ಉಸಿರಾಡುತ್ತಾಳೋ ಇಲ್ಲವೋ ಅನ್ನುವ ಹಾಗೆ ಮಲಗಿದ್ದಳು. ಇಲ್ಲಿ ಸ್ಕ್ರೀನಿನಲ್ಲಿ ಅವಳ ಕಣ್ಣು ಕತ್ತಲಲ್ಲಿ ನಮ್ಮನ್ನು ಹುಡುಕುತ್ತಿತ್ತು. ಭಾವ ಮುಖ ತಿರುಗಿಸಿಕೊಂಡರು.

"ಒಳಗೆ ರಕ್ತ ಇಲ್ಲ. ಕಣ್ಣಿನ ಹಿಂದಿನ ಪರದೆ, ರೆಟಿನಾ, ಕಳಚಿಕೊಂಡಿಲ್ಲ." ಆಮೇಲೆ ಅವರ ಕೈ ನಿಂತಿತು. ಗುಂಡು ತೊಟ್ಟಿಗೆ ಸೇರುವ ಜಾಗದಲ್ಲಿ, ಆಳದಲ್ಲಿ, ಒಂದು ಬಿಳಿ ಚುಕ್ಕೆ. ಎಡಗಣ್ಣಲ್ಲಿ ಹುಡುಕಿದರು, ಅಲ್ಲಿ ಇರಲಿಲ್ಲ.

ಚಿತ್ರ ನಿಲ್ಲಿಸಿ, ಜೆಲ್ ಒರೆಸಿ, ಅಕ್ಕನನ್ನು ಎಬ್ಬಿಸಿ ತೋರಿಸಿದರು: "ನೋಡಿ, ನಾಳ ಕಟ್ಟಿರೋದು ಇದೇ ಅನ್ನಿಸುತ್ತೆ."

ಅಕ್ಕ ಉಳಿದ ಒಂದು ಕಣ್ಣಲ್ಲಿ ನೋಡಿದಳು. ಕರೀ ಗುಂಡು, ಅದರಲ್ಲೊಂದು ಬೆಳಕಿನ ಚುಕ್ಕೆ.

"ಇದು ಇಲ್ಲಿಗೆ ಹೆಂಗೆ ಬಂತು?" ಅಂದಳು.

"ಏನಮ್ಮಾ?"

"ಬೆಳಿಗ್ಗೆ ಅಂಗೈಯಲ್ಲಿ ಕಂಡದ್ದು ಇದೇ. ಕರೀದು ದೊಡ್ಡದಾಗ್ತಾ ಹೋಯ್ತು. ಬೆರಳು ಮುಚ್ತು, ಕೈ ಮುಚ್ತು, ದೀಪಾನೂ ಮುಚ್ತು. ಕೊನೆಗೆ ಚುಕ್ಕೆ ಒಂದೇ ಉಳೀತು, ಅದೂ ಹೋಯ್ತು. ಶಿವ ಕರೀತಿದಾನೆ ಅಂದ್ಕೊಂಡೆ. ಹೇಳೋ ಹಾಗಿರಲಿಲ್ಲ, ಅದಕ್ಕೇ ನಿನ್ನೆ ಅಂದೆ."

"ಪೂಜೆ ಹೊತ್ತಲ್ಲಾ?" ಭಾವ ತಟ್ಟನೆ ತಿರುಗಿದರು. "ನೀನು ಲಿಂಗ ಕೈಗೆ ತಗೊಂಡಾಗ ಏಳು ಗಂಟೆ ವಾರ್ತೆ ಶುರುವಾಗಿತ್ತು. ನಿನಗೆ ತೊಂದರೆ ಆಗದಿರಲಿ ಅಂತ ನಾನೇ ರೇಡಿಯೋ ಸಣ್ಣ ಮಾಡ್ದೆ!"

ಡಾಕ್ಟರಮ್ಮ ಗಡಿಯಾರ ನೋಡಿದರು. ಅಷ್ಟರಲ್ಲೇ ಫೋನು ಕಿವಿಯಲ್ಲಿತ್ತು. "ಇನ್ನೂ ಹೊತ್ತಿದೆ, ಈಗಲೇ ಕಳಿಸ್ತಿದೀನಿ. ತಲೆ ಸ್ಕ್ಯಾನಿಗೆ ರೆಡಿ ಮಾಡಿಕೊಳ್ಳಿ."

ಆಂಬುಲೆನ್ಸಿನಲ್ಲಿ ಅಕ್ಕ ನನ್ನ ಕೈ ಹಿಡಿದು ಕೇಳಿದಳು: "ಕಟ್ಟು ಮುರಿದೆ. ಅಜ್ಜಿಗೆ ಕೋಪ ಬರುತ್ತಾ?"

"ಅಜ್ಜಿ ಇದ್ದಿದ್ರೆ ಅವರೇ ಆಟೋ ಕರೀತಿದ್ರು ಮಾರಾಯ್ತಿ."

ಶಿವಮೊಗ್ಗದಲ್ಲಿ ತಲೆಯ ಸ್ಕ್ಯಾನ್ ಆಯಿತು. ಮೆದುಳಲ್ಲಿ ರಕ್ತಸ್ರಾವ ಇರಲಿಲ್ಲ. ಇಂಜೆಕ್ಷನ್ ಕೊಟ್ಟರು. ಅಲ್ಲಿನ ಡಾಕ್ಟರು ಮುಚ್ಚಿಡದೆ ಹೇಳಿದರು: "ಹೊತ್ತಿಗೆ ತಂದಿದೀರಿ. ಆದರೆ ಬಿಳಿ ಚುಕ್ಕೆ ಕಂಡಿದೆ ಅಂದ್ರೆ ಹೆಪ್ಪು ಗಟ್ಟಿ ಜಾತೀದಿರಬಹುದು, ಕರಗದೇನೂ ಹೋಗಬಹುದು. ನೋಡೋಣ."

ಸಂಜೆ ಅಕ್ಕ ತಾನಾಗಿಯೇ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡಳು. ಆಮೇಲೆ ಬೆಳಗಿನದೇ ದನಿಯಲ್ಲಿ ಕೇಳಿದಳು: "ಈ ಪಕ್ಕ ಯಾರೇ ನಿಂತಿರೋದು?"

ನಾನು ತಿರುಗಿ ನೋಡಿದೆ.

ಬಿಳಿ ಬಟ್ಟೆಯ ಸಿಸ್ಟರ್ ಸಲೈನ್ ಬಾಟಲಿ ನೋಡುತ್ತಾ ನಿಂತಿದ್ದರು.

"ಮುಖ ಕಾಣುತ್ತಾ?"

"ಇಲ್ಲ. ಬೆಳ್ಳಗೆ ಏನೋ ಅಲ್ಲಾಡ್ತಿದೆ, ಅಷ್ಟೇ."

ಅಷ್ಟೇ ಸಾಕಾಯಿತು ನಮಗೆ. ನಮ್ಮನೆಯವರು ಹೊಸಮನೆಯಿಂದ ಅನ್ನ, ಗಂಜಿ, ತಿಳಿಸಾರು, ಮಜ್ಜಿಗೆ ತಂದಿದ್ದರು. ಡಾಕ್ಟರು ಹೂಂ ಅಂದ ಮೇಲೆ ಅಕ್ಕ ನಾಲ್ಕು ಚಮಚ ಗಂಜಿ ಕುಡಿದಳು, ಸಬ್ಬಕ್ಕಿಯದಲ್ಲ, ಅಕ್ಕಿಯದು. ನಾನು ಮಜ್ಜಿಗೆ ಅನ್ನ ಉಂಡೆ. ಮೊದಲು ನಿದ್ದೆ ಹೋದವರು ಭಾವ, ಹೊರಗಿನ ಬೆಂಚಿನ ಮೇಲೆ ಕೂತ ಹಾಗೇ. ಆಮೇಲೆ ಅಕ್ಕ. ಅವಳ ಮುಚ್ಚಿದ ರೆಪ್ಪೆಗಳ ಕೆಳಗೆ ಎರಡೂ ಗುಂಡುಗಳು ಎಡಕ್ಕೆ, ಬಲಕ್ಕೆ ಹೊರಳುತ್ತಲೇ ಇದ್ದವು.