ಮೊದಲು ಕಿವಿ, ಆಮೇಲೆ ಸೋಪು

ಮನುಷ್ಯನ ಘನತೆ ಹುಟ್ಟಿನೊಂದಿಗೇ ಬಂದದ್ದು, ಅದನ್ನು ಯಾರೂ ಕಸಿದುಕೊಳ್ಳಲಾರರು ಎಂದು ದೊಡ್ಡವರು ಹೇಳಿದ್ದಾರೆ. ಮೂತ್ರಕೋಶ ತುಂಬುವ ತನಕ ಅದು ನಿಜ. ಆಮೇಲಿನ ಸಂಗತಿ ಮೊಗ್ರಾಲಿನ ಕಮಲಾಕ್ಷಿ ಸಿಸ್ಟರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ದೇವರು ಕಮಲಾಕ್ಷಿ ಸಿಸ್ಟರಿಗೆ ಪಿಸುಮಾತನ್ನು ಕೊಡಲು ಮರೆತಿದ್ದ. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಯೌವನವನ್ನೆಲ್ಲ ಕಳೆದು ಊರಿಗೆ ಮರಳಿದವರು ಪಂಚಾಯತಿನ ಪಾಲಿಯೇಟಿವ್ ಜೀಪಿನಲ್ಲಿ ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಕುಂಬಳೆಯ ಬಸ್‌ಸ್ಟ್ಯಾಂಡಿನಲ್ಲಿ ನಾನು ಕಣ್ಣಿಗೆ ಬಿದ್ದರೆ ಆಚೆ ಬದಿಯಿಂದಲೇ ಕೂಗುತ್ತಿದ್ದರು: "ಮಾಷ್ಟ್ರೇ! ಇವತ್ತು ಮೂತ್ರ ಸರಿ ಹೋಯ್ತಾ?" ಬಸ್ಸಿಗೆ ಕಾಯುತ್ತಿದ್ದವರೆಲ್ಲ ಆಗ ನನ್ನ ಉತ್ತರಕ್ಕೂ ಕಾಯುತ್ತಿದ್ದರು. ನಾನು ಕನ್ನಡ ಶಾಲೆಯ ಅಧ್ಯಾಪಕ. ಕಾಯುವವರಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು. "ಹೋಯಿತು" ಎನ್ನದೆ ಬಿಡುಗಡೆಯಿಲ್ಲ. ಹಾಗೆಂದಾಗ ಒಂದಿಬ್ಬರು ಸಮಾಧಾನದ ಉಸಿರು ಬಿಟ್ಟದ್ದನ್ನೂ ಕಂಡಿದ್ದೇನೆ.

ನನ್ನ ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹರಿದು, ಮಿದುಳಿನ ಆದೇಶ ದಾರಿಯಲ್ಲೇ ಉಳಿದುಬಿಡುತ್ತದೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುವನಂತಪುರದಿಂದ ಹೊರಟ ಆದೇಶ ನಮ್ಮಲ್ಲಿಗೆ ಯಾವಾಗ, ಯಾವ ರೂಪದಲ್ಲಿ ತಲುಪುತ್ತದೆ ಎಂಬುದನ್ನು ತಲೆಮಾರುಗಳಿಂದ ಕಂಡವರು ನಾವು. ನನ್ನ ಮೂತ್ರಕೋಶವೂ ಗಡಿಜಿಲ್ಲೆಯಂತೆ ಸ್ವಂತ ಬುದ್ಧಿಯಿಂದ ನಡೆಯತೊಡಗಿತು. ಸುಮ್ಮನಿದ್ದಾಗ ಅವಸರ ಮಾಡುವುದು, ಓಡಿಹೋಗಿ ನಿಂತಾಗ ಅರ್ಧ ಕೊಟ್ಟು ಅರ್ಧ ಉಳಿಸಿಕೊಳ್ಳುವುದು. ಹೀಗೆ ಉಳಿದದ್ದು ಕಿಡ್ನಿಗೆ ಕೇಡು ಮಾಡುತ್ತದೆಂದು ಮಂಗಳೂರಿನ ಡಾಕ್ಟರು ಎಚ್ಚರಿಸಿದರು. ಆದರೆ ನನ್ನನ್ನು ನಿಜವಾಗಿ ಕೆಡವಿದ್ದು ಕಿಡ್ನಿಯ ಚಿಂತೆಯಲ್ಲ, ತಾಳಮದ್ದಳೆ.

ತಾಳಮದ್ದಳೆಯೆಂದರೆ ವೇಷವಿಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳಾದ ನಾವು ಪಂಚೆಯುಟ್ಟು ಶಾಲು ಹೊದ್ದು, ಕುಳಿತಲ್ಲಿಯೇ ಪುರಾಣದ ಪಾತ್ರಗಳಾಗಿ ಗಂಟೆಗಟ್ಟಲೆ ವಾದಿಸುತ್ತೇವೆ. ಅಲ್ಲಿ ವಾದದ ನಡುವೆ ಎದ್ದುಹೋದವನು ಸೋತ ಹಾಗೆ. ಒಂದು ಮಧ್ಯಾಹ್ನ, ಸಂಧಾನಕ್ಕೆ ಬಂದ ರಾಯಭಾರಿಯ ಅರ್ಥ ಹೇಳುತ್ತಿದ್ದ ನಾನು ಮಾತಿನ ನಡುವೆ, ನಡೆಯಲು ಊರುವ ಕೋಲು ಹಿಡಿದು ಹೊರಗೋಡಿದೆ. ಎದುರಿಗೆ ರಾಜನಾಗಿದ್ದವರು ನನ್ನ ನಿತ್ಯದ ಎದುರಾಳಿ ಸಂಕಪ್ಪ ಶೆಟ್ಟರು. ಅವರು ಮೀಸೆಯಡಿಯಲ್ಲಿ ನಕ್ಕು, "ರಾಯಭಾರಿ ಓಡಿದ. ಸೇನೆ ಇನ್ನು ಎಷ್ಟು ಹೊತ್ತು ನಿಂತೀತು?" ಎಂದರಂತೆ. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ದಾರಿಯಲ್ಲೇ ಒದ್ದೆಯಾಗಿದ್ದೆ. ಆಮೇಲೆ ಕರೆದವರಿಗೆಲ್ಲ ಗಂಟಲು ಸರಿಯಿಲ್ಲವೆಂದು ಹೇಳಿ ಮನೆಯಲ್ಲಿ ಕುಳಿತೆ. ಮಾತೇ ಬದುಕಾಗಿದ್ದವನಿಗೆ ಅದು ಸಣ್ಣ ಶಿಕ್ಷೆಯಲ್ಲ.

ಹೊತ್ತುಹೊತ್ತಿಗೆ ತೆಳ್ಳಗಿನ ಟ್ಯೂಬು ಹಾಕಿ ಮೂತ್ರಕೋಶವನ್ನು ನಾನೇ ಖಾಲಿ ಮಾಡಿಕೊಳ್ಳಬೇಕು, ಕೆಲಸ ಮುಗಿದೊಡನೆ ಟ್ಯೂಬು ತೆಗೆಯಬೇಕು. ಇದು ಡಾಕ್ಟರ ತೀರ್ಮಾನ. ಕಲಿಸಲು ಬಂದವರು ಕಮಲಾಕ್ಷಿ ಸಿಸ್ಟರ್. ಜೀಪಿನಿಂದ ಇಳಿಯುವಾಗಲೇ, "ಶಾರದಕ್ಕಾ, ಟ್ಯೂಬು ಹಾಕ್ಲಿಕ್ಕೆ ಬಂದದ್ದು!" ಎಂದು ನನ್ನ ಹೆಂಡತಿಗೆ ಹೇಳಿದರು. ಆಚೆ ಮನೆಯವರು ತೆಂಗಿನಕಾಯಿ ಸುಲಿಯುವುದನ್ನು ನಿಲ್ಲಿಸಿದರು.

ನಾನು ಡಾಕ್ಟರು ಕೊಟ್ಟ ಹಾಳೆಯನ್ನು ಬಾಯಿಪಾಠ ಮಾಡಿಟ್ಟಿದ್ದೆ. ಶುಚಿತ್ವದ ಮಹತ್ವದಿಂದ ಆರಂಭಿಸಿ, ಮೂತ್ರನಾಳದ ರಚನೆಗೆ ಬಂದು, ಇನ್ನೇನು ಉಪಸಂಹಾರ ಮಾಡಬೇಕು, ಸಿಸ್ಟರ್ ಕೈಯೆತ್ತಿದರು.

"ಅರ್ಥ ಹೇಳಿದ್ದು ಸಾಕು ಮಾಷ್ಟ್ರೇ. ಪದ ಆಯ್ತಲ್ಲ, ಇನ್ನು ಕುಣೀರಿ."

ನನ್ನ ನಾಚಿಕೆಗೂ ಅವರಲ್ಲಿ ಮದ್ದಿತ್ತು. "ನಾನು ಮಸ್ಕತ್ತಿನಲ್ಲಿ ದೊಡ್ಡ ದೊಡ್ಡ ಶೇಖ್‌ಗಳದ್ದು ನೋಡಿದವಳು. ನಿಮ್ಮದರಲ್ಲಿ ಹೊಸತು ಎಂತ ಉಂಟು?" ಈ ಮಾತಿನಲ್ಲಿ ಸಮಾಧಾನವಿತ್ತೋ ಅವಮಾನವಿತ್ತೋ ನಾನು ಇಂದಿಗೂ ನಿರ್ಧರಿಸಿಲ್ಲ.

ಕೆಲಸ ಸೋಪಿನಿಂದ ಮೊದಲಾಯಿತು. ಬೆರಳ ಸಂದಿಗಳನ್ನೂ ಬಿಡದೆ ಕೈ ತೊಳೆದೆ. ಸಿಸ್ಟರ್ ಮೆಚ್ಚಿ ತಲೆಯಾಡಿಸಿದರು. ಮರುಕ್ಷಣವೇ ತೊಳೆದ ಕೈ ತಾನಾಗಿ ಮೇಲೆದ್ದು, ಹೆಗಲ ಜನಿವಾರವನ್ನು ಎಳೆದು ಬಲಗಿವಿಗೆ ಸುತ್ತಿಕೊಂಡಿತು. ಉಪನಯನವಾದ ಮೇಲೆ ಜನಿವಾರವನ್ನು ಕಿವಿಗೇರಿಸದೆ ನಾನು ಮೂತ್ರಕ್ಕೆ ಹೋದವನಲ್ಲ.

"ಮುಟ್ಟಿದಿರಲ್ಲ! ಪುನಃ ತೊಳೀರಿ."

ಪುನಃ ತೊಳೆದೆ. ಇಷ್ಟು ಹೊತ್ತಿಗೆ ನೂಲು ಕಿವಿಯಿಂದ ಜಾರಿತ್ತು. ಕೈ ಮತ್ತೆ ಅಲ್ಲಿಗೇ ಹೋಯಿತು. ಪುನಃ ಸೋಪು. ಮತ್ತೊಮ್ಮೆ ಹೀಗೆಯೇ ಆದಾಗ ಸಿಸ್ಟರ್ ಸ್ಟೂಲಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಮ್ಮ ಅಜ್ಜಿ ನಿಮ್ಮವರ ಜಗಲಿಯಿಂದ ಮಾರು ದೂರ ನಿಲ್ಲಬೇಕಿತ್ತು ಮಾಷ್ಟ್ರೇ, ಮುಟ್ಟಿದ್ರೆ ಮೈಲಿಗೆ ಅಂತ. ಈಗ ನೋಡಿ, ಜನಿವಾರ ಮುಟ್ಟಬೇಡಿ, ಮೈಲಿಗೆ ಆಗ್ತದೆ ಅಂತ ಹೇಳುದು ನಾನು! ಅಜ್ಜಿ ಇರಬೇಕಿತ್ತು."

"ತೆಗೆದಿಡಲೇ?" ಎಂದೆ ನಾನು, ತ್ಯಾಗಕ್ಕೆ ಸಿದ್ಧನಾಗಿ.

"ತೆಗೀಲಿಕ್ಕೆ ಎಂತಕ್ಕೆ? ಅದು ಅದರಷ್ಟಕ್ಕೆ ಇರಲಿ. ಮೊದಲು ಕಿವಿ, ಆಮೇಲೆ ಸೋಪು. ಅಷ್ಟೇ."

ಧರ್ಮಸೂಕ್ಷ್ಮವನ್ನು ಇಷ್ಟು ಕಡಿಮೆ ಮಾತಿನಲ್ಲಿ ಬಗೆಹರಿಸಿದವರನ್ನು ನಾನು ಬೇರೆ ಕಂಡಿಲ್ಲ.

ಟ್ಯೂಬಿಗೆ ಜೆಲ್ಲಿ ಹಚ್ಚಿ, ಮರಗಟ್ಟಿದ ಬೆರಳುಗಳಿಂದ ಒಳಗೆ ಬಿಡತೊಡಗಿದೆ. ಒಂದು ಹಂತದಲ್ಲಿ ಟ್ಯೂಬು ಮುಂದಕ್ಕೆ ಹೋಗದೆ ನಿಂತಿತು. ನನ್ನ ಜೀವವೂ ಅಲ್ಲೇ ನಿಂತಿತು.

"ದೂಡಬೇಡಿ. ಅದು ಗೇಟು. ಗೇಟಿಗೆ ಗುದ್ದಿದ್ರೆ ಯಾರಾದ್ರೂ ತೆಗೀತಾರಾ? ಉಸಿರು ಬಿಡಿ. ಶ್ವಯ್ ಶ್ವಯ್."

ಮೆಲ್ಲಮೆಲ್ಲಗೆ ಎಂಬುದಕ್ಕೆ ಅವರು ಮಸ್ಕತ್ತಿನಿಂದ ತಂದ ಮಾತು ಅದು. ನಾನು ಉಸಿರು ಬಿಟ್ಟೆ. ಗೇಟು ತೆರೆಯಿತು. ಪಾತ್ರೆಯಲ್ಲಿ ಸದ್ದು ಕೇಳಿತು. ಎಷ್ಟೋ ಕಾಲದ ನಂತರ ಹೊಟ್ಟೆಯ ಕೆಳಗೆ ಒಂದು ಖಾಲಿತನ ಬಂದು ಕುಳಿತುಕೊಂಡಿತು. ಶರಣರು ಶೂನ್ಯವನ್ನು ಅಷ್ಟೊಂದು ಹೊಗಳುವುದೇಕೆಂದು ನನಗೆ ಆಗ ಅರ್ಥವಾಯಿತು.

"ಖಲಾಸ್!" ಎಂದು ಸಿಸ್ಟರ್ ಕೂಗಿದರು. ಆಚೆ ಮನೆಯಲ್ಲಿ ತೆಂಗಿನಕಾಯಿ ಸುಲಿಯುವ ಸದ್ದು ಪುನಃ ಕೇಳಿಸಿತು.

ಕೈ ಪಳಗಿದ ಮೇಲೂ ಅವರು ಬರುತ್ತಿದ್ದರು. ನಾನು ಮೂತ್ರದ ಅವಸರ ಬರುವ ತನಕ ಕಾಯುತ್ತೇನೆಂದು ತಿಳಿದ ದಿನ ಸರಿಯಾಗಿ ಬೈದರು. "ಕರೆದಾಗ ಹೋಗುವವ ಜವಾನ. ಕರೆಯುವ ಮೊದಲೇ ಹೋಗುವವ ಯಜಮಾನ. ನೀವು ಯಾರು ಮಾಷ್ಟ್ರೇ? ಗಡಿಯಾರ ನೋಡಿ ಹೋಗಿ." ಆಮೇಲೆ ಇದ್ದಕ್ಕಿದ್ದಂತೆ, "ತಾಳಮದ್ದಳೆಗೆ ಯಾಕೆ ಹೋಗುದಿಲ್ಲ? ಗಂಟಲಿಗೆ ಎಂತದೂ ಆಗಿಲ್ಲ ಅಂತ ಶಾರದಕ್ಕ ಹೇಳಿದ್ರು" ಎಂದರು.

"ನಡುವೆ ಎದ್ದರೆ ಮರ್ಯಾದೆ ಹೋಗುತ್ತದೆ ಸಿಸ್ಟರ್."

"ಓಡಿದ್ರೆ ಹೋಗ್ತದೆ ಮಾರಾಯ್ರೆ. ನಡೆದು ಹೋದ್ರೆ ಎಂತಕ್ಕೆ ಹೋಗ್ತದೆ?"

ಒಪ್ಪಿದೆ. ಕುಂಬಳೆಯ ಸಭಾಭವನದಲ್ಲಿ ಅದೇ ಪ್ರಸಂಗ, ಅದೇ ರಾಯಭಾರಿ, ಎದುರಿಗೆ ಅದೇ ಶೆಟ್ಟರು. ಸಿಸ್ಟರ್ ಅಂದೇ ಸಂಜೆಯ ವಿಮಾನಕ್ಕೆ ಮಸ್ಕತ್ತಿಗೆ ಹೊರಡುವವರಿದ್ದರು. ಅಲ್ಲಿ ನೆಲಸಿದ್ದ ಮಗಳು, ಅಮ್ಮ ಇನ್ನು ತಮ್ಮೊಟ್ಟಿಗೇ ಇರಬೇಕೆಂದು ಹಟ ಹಿಡಿದಿದ್ದಳು. ಆದರೂ ಸೂಟ್‌ಕೇಸುಗಳನ್ನು ಟ್ಯಾಕ್ಸಿಯಲ್ಲಿಟ್ಟು, ಬಂದು ಶಾರದೆಯ ಪಕ್ಕದಲ್ಲಿ ಮುಂದಿನ ಸಾಲಿನಲ್ಲೇ ಕುಳಿತರು.

ಶೆಟ್ಟರು ಅಂಗುಲ ನೆಲವನ್ನೂ ಕೊಡೆನೆಂದು ಗುಡುಗುತ್ತಿದ್ದಾಗ ನಾನು ಗಡಿಯಾರ ನೋಡಿದೆ. ಮೂತ್ರಕೋಶ ಇನ್ನೂ ಏನೂ ಹೇಳಿರಲಿಲ್ಲ. ಕೋಲು ಊರಿ ನಿಧಾನಕ್ಕೆ ಎದ್ದೆ. ಸಭೆ ಗುಸುಗುಸು ಎಂದಿತು. ಶೆಟ್ಟರ ಮೀಸೆ ನಗುವಿಗೆ ಸಜ್ಜಾಯಿತು.

"ರಾಜಾ, ಕೋಪದಲ್ಲಿ ಕೊಟ್ಟ ಉತ್ತರವನ್ನು ರಾಯಭಾರಿ ಒಯ್ಯುವುದಿಲ್ಲ. ನಾನು ಹೊರಗೆ ಹೋಗಿ ಬರುತ್ತೇನೆ. ಅಷ್ಟರಲ್ಲಿ ನಿನ್ನ ಸಭೆಯ ಹಿರಿಯರನ್ನೆಲ್ಲ ಕೇಳಿ, ತಣ್ಣಗಾದ ಉತ್ತರವೊಂದನ್ನು ಸಿದ್ಧಮಾಡಿ ಇಡು" ಎಂದು ಹೇಳಿ, ಟ್ಯೂಬು, ಸೋಪು ಇದ್ದ ಬಟ್ಟೆಯ ಚೀಲ ಹೆಗಲಿಗೇರಿಸಿ ನಡೆದೆ. ಹಿಂದಿನಿಂದ ಚಪ್ಪಾಳೆ ಬಿತ್ತು.

ಬಚ್ಚಲಲ್ಲಿ ಮೊದಲು ಕಿವಿ, ಆಮೇಲೆ ಸೋಪು. ಕೈ ತೊಳೆದು ಮುಗಿಸಿದ್ದೆ, ಆಗ ಸಭಾಭವನದ ಗೋಡೆಯನ್ನೂ ದಾಟಿ ಆ ಧ್ವನಿ ಬಂತು.

"ಓಡಲಿಲ್ಲ ನೋಡಿ ಶಾರದಕ್ಕಾ! ನಡೆದೇ ಹೋದ್ರು! ನನ್ನ ಕೆಲಸ ಖಲಾಸ್. ನಾನಿನ್ನು ಹೊರಡುದು."

ಹೊರಗೆ ಹೋಗಿ ಒಂದು ಮಾತು ಹೇಳಬೇಕೆನಿಸಿತು. ಆದರೆ ತೊಳೆದ ಕೈಯಲ್ಲಿ ಬಾಗಿಲಿನ ಚಿಲಕ ಮುಟ್ಟುವಂತಿರಲಿಲ್ಲ. ಹಾಗೆ ಕಲಿಸಿದವರು ಅವರೇ. ಟ್ಯಾಕ್ಸಿಯ ಬಾಗಿಲು ಹಾಕಿದ ಸದ್ದು ಕೇಳಿತು. ನಾನು ಉಸಿರು ಬಿಟ್ಟೆ. ಶ್ವಯ್ ಶ್ವಯ್.

ಮರಳಿ ಬಂದಾಗ ಮುಂದಿನ ಸಾಲಿನ ಒಂದು ಕುರ್ಚಿ ಖಾಲಿಯಿತ್ತು. ಶೆಟ್ಟರು ಅಲ್ಲಿಲ್ಲದ ಹಿರಿಯರ ಪರವಾಗಿ ತಾವೇ ಮಾತಾಡಿ, ತಾವೇ ಉತ್ತರಿಸಿ, ಬೆವತು, ತಮ್ಮೊಡನೆಯೇ ವಾದದಲ್ಲಿ ಸೋಲುತ್ತಿದ್ದರು. ನಾನು ಕುಳಿತೆ. ಭಾಗವತರು ಮುಂದಿನ ಪದ ಎತ್ತಿದರು.

ಸಂಧಾನ ಎಂದಿನಂತೆ ಮುರಿದುಬಿತ್ತು.