ಹರಕೆಯ ಸಿಮೆಂಟು

ಕೊರೊನಾ ನಿರ್ಬಂಧಗಳು ತೆರವಾದ ವರ್ಷದ ಜುಲೈ ತಿಂಗಳ ಒಂದು ಶನಿವಾರ. ಬೆಳಗಿನ ಪೂಜೆ ಮುಗಿದು ಸ್ವಲ್ಪ ಹೊತ್ತಾಗಿತ್ತು. ನಾನು ನಿಂತಿದ್ದುದು ಮಲೇಷ್ಯಾದ ಒಳನಾಡಿನ ಒಂದು ರಬ್ಬರ್ ತೋಟದ ಊರಿನಲ್ಲಿ, ಹಳೆಯ ಚರ್ಚಿನ ಅಂಗಳದಲ್ಲಿ, ಗಂಟೆ ಗೋಪುರದ ದಕ್ಷಿಣ ಮುಖಕ್ಕೆ ಎದುರಾಗಿ, ಒಂದು ದೇವಕಣಗಿಲೆ ಮರದ ಕೆಳಗೆ. ಮರಕ್ಕೂ ಗೋಪುರಕ್ಕೂ ನಡುವೆ ಎರಡು ಕಾರು ನಿಲ್ಲಿಸುವಷ್ಟು ಜಾಗ. ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಆ ಜಾಗವೇ ಒಬ್ಬರ ಜೀವ ಉಳಿಸಿತು.

ಆಗ ನಾನು ಅದೇ ದೇಶದ ತಂತ್ರಜ್ಞಾನ ನಗರ ಸೈಬರ್‌ಜಯಾದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಡೇಟಾ ಸೆಂಟರ್‌ಗಳ ಕಂಬ, ತೊಲೆ, ನೆಲ ಎಷ್ಟು ಭಾರ ತಾಳುತ್ತವೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಅದಕ್ಕೂ ಮೊದಲು ಮೈಸೂರಿನಲ್ಲಿ ಹಳೆಯ ಗಾರೆ ಕಟ್ಟಡಗಳ ದುರಸ್ತಿಯಲ್ಲಿ ಕೆಲವು ವರ್ಷ ದುಡಿದಿದ್ದೆ. ಈ ಸಂಗತಿ ಯಾರ ಮೂಲಕವೋ ಅಲ್ಲಿನ ಧರ್ಮಪ್ರಾಂತದ ಕಚೇರಿಗೆ ತಿಳಿದು ನನಗೆ ಕರೆ ಬಂದಿತ್ತು.

ಧರ್ಮಪ್ರಾಂತವೆಂದರೆ ಒಬ್ಬ ಬಿಷಪ್ಪರ ಉಸ್ತುವಾರಿಯಲ್ಲಿರುವ ಚರ್ಚುಗಳು ಮತ್ತು ಅವುಗಳ ಜನ. ಈ ಪ್ರಾಂತ ಶುರುವಾದದ್ದೇ ಈ ಅಂಗಳದಲ್ಲಿ. ತೋಟಕ್ಕೆ ಬಂದ ತಮಿಳು ಕೂಲಿಗಳ ಹಿಂದೆಯೇ ಫ್ರಾನ್ಸಿನ ಪಾದ್ರಿಗಳು ಬಂದರು. ಮೊದಲು ಗರಿ ಹೊದಿಸಿದ ಗುಡಿಸಲಿನಲ್ಲಿ ಪೂಜೆ ನಡೆಯಿತು. ಆಮೇಲೆ ಇಟ್ಟಿಗೆಯ ಚರ್ಚು, ಶಾಲೆ, ಔಷಧಿ ಕೊಡುವ ಕೋಣೆ ಬಂದವು. ಕಾಲ ಸರಿದು ಬಿಷಪ್ಪರ ಮನೆ ದೊಡ್ಡ ಊರಿಗೆ ಹೋಯಿತು, ಈ ಚರ್ಚು ತವರಾಗಿ ಉಳಿಯಿತು. ಈಗ ಇಲ್ಲಿ ತಮಿಳು, ಚೀನೀ, ಇಂಗ್ಲಿಷ್, ಮಲಯ್ ನಾಲ್ಕೂ ಭಾಷೆಗಳಲ್ಲಿ ಪೂಜೆ ನಡೆಯುತ್ತದೆ. ಹಳೆಯ ಶಾಲೆಯ ಕೋಣೆಯಲ್ಲಿ ನೇಪಾಳ, ಮ್ಯಾನ್ಮಾರ್‌ಗಳಿಂದ ಬಂದ ಕಾರ್ಮಿಕರಿಗೆ ಭಾನುವಾರ ಊಟ ಹಾಕುತ್ತಾರೆ. ಯಾವ ದೇವರೆಂದು ಯಾರೂ ಕೇಳುವುದಿಲ್ಲ.

ಗೋಪುರದಲ್ಲಿ ಬಿರುಕು ಬಿಟ್ಟಿತ್ತು. ಆಗಸ್ಟ್‌ನಲ್ಲಿ ಬರುವ ಮೇರಿ ಮಾತೆಯ ಹಬ್ಬಕ್ಕೆ ಜನ ಅದರ ಬುಡದಲ್ಲೇ ಕಿಕ್ಕಿರಿದು ನಿಲ್ಲುತ್ತಾರೆ. ಅಷ್ಟರೊಳಗೆ ನಾನು ಗೋಪುರ ನಿಲ್ಲುತ್ತದೋ ಇಲ್ಲವೋ ಹೇಳಬೇಕಿತ್ತು. ಇಲ್ಲವೆಂದರೆ ಕೆಡವಿಸುವುದಾಗಿ ಬಿಷಪ್ಪರು ತಿಳಿಸಿದ್ದರು. ಜನರ ತಲೆಯ ಮೇಲೆ ಚರಿತ್ರೆ ಬೀಳಬಾರದು ಎಂಬುದು ಅವರ ಮಾತು.

ಪರೀಕ್ಷೆ ಮಾಡಿದಾಗ ಕಂಡದ್ದಿಷ್ಟು. ಗೋಪುರದ ಇಟ್ಟಿಗೆಗಳನ್ನು ಕೂಡಿಸಿದ್ದು ಸುಣ್ಣದ ಗಾರೆ. ಅಂಥ ಗೋಡೆ ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಆದರೆ ಅದರ ಮೇಲೆ ವರ್ಷ ವರ್ಷವೂ ಸಿಮೆಂಟು ಮೆತ್ತಲಾಗಿತ್ತು. ಸಿಮೆಂಟು ನೀರನ್ನು ಹೊರಗೆ ಬಿಡುವುದಿಲ್ಲ. ಬಿರುಕಿನಿಂದ ಒಳಹೋದ ಮಳೆ ಅಲ್ಲೇ ಉಳಿದು ಗಾರೆಯನ್ನು ಕರಗಿಸುತ್ತಿತ್ತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹಲವು ಕಡೆ ಟೊಳ್ಳು ಸದ್ದು ಬರುತ್ತಿತ್ತು.

ಸಿಮೆಂಟು ಮೆತ್ತಿದವರು ಆರೋಗ್ಯಸಾಮಿ ಅಯ್ಯ. ತೋಟದ ನಿವೃತ್ತ ಮೇಸ್ತ್ರಿ, ಎಂಬತ್ತು ದಾಟಿದ ವಯಸ್ಸು. ಅವರ ತಾತ ಜ್ವರದಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಗ ಪಾದ್ರಿಯೊಬ್ಬರು ಪಕ್ಕದಲ್ಲೇ ಕೂತು ಆರೈಕೆ ಮಾಡಿ ಉಳಿಸಿದ್ದರಂತೆ. ಬದುಕಿದರೆ ಪ್ರತಿ ಹಬ್ಬಕ್ಕೂ ಗೋಪುರದ ಮೈಗೆ ಹೊಸ ಲೇಪ ಬಳಿಯುತ್ತೇನೆಂದು ತಾತ ಹರಕೆ ಹೊತ್ತಿದ್ದರು. ಮೂರು ತಲೆಮಾರು ಅದು ತಪ್ಪಿರಲಿಲ್ಲ. ತಾತ ಬಳಿದದ್ದು ಸುಣ್ಣ. ಸಿಮೆಂಟು ಬಂದ ಮೇಲೆ ಅಪ್ಪ, ದೇವರಿಗೆ ಗಟ್ಟಿಯಾದದ್ದನ್ನೇ ಕೊಡಬೇಕೆಂದು, ಅದಕ್ಕೆ ಬದಲಾಯಿಸಿದರು.

ಈ ಸಲ ಬಳಿಯಬೇಡಿ ಎಂದು ಚರ್ಚಿನ ಪಾದ್ರಿ ಫಾದರ್ ಲೀ ಹೇಳಿಕಳಿಸಿದ್ದರು. ಅವರು ಇದೇ ಊರಲ್ಲಿ ಹುಟ್ಟಿದ ಹಕ್ಕಾ ಎಂಬ ಚೀನೀ ಸಮುದಾಯದವರು, ತಮಿಳನ್ನು ನನಗಿಂತ ಚೆನ್ನಾಗಿ ಆಡುತ್ತಾರೆ. ಆದರೂ ಆ ಶನಿವಾರ ಆರೋಗ್ಯಸಾಮಿ ಅಯ್ಯ, ಮಗ ಝೇವಿಯರ್ ಜೊತೆ, ಸಿಮೆಂಟು ಚೀಲ ಹೊತ್ತ ಲಾರಿಯಲ್ಲಿ ಬಂದಿಳಿದರು. ನಾನು ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಾಲ್ಯದಲ್ಲಿ ಕಲಿತ ತಮಿಳಿನಲ್ಲಿ ಎಲ್ಲವನ್ನೂ ವಿವರಿಸಿದೆ. ಅಯ್ಯ ಗೋಪುರದ ಬುಡದಲ್ಲಿ ನಿಂತು, ಬೆನ್ನನ್ನು ಗೋಡೆಗೆ ಆನಿಸಿ ಕೇಳಿಸಿಕೊಂಡರು.

"ನೀವು ಕಂಪ್ಯೂಟರ್ ಇಡೋ ಡಬ್ಬಿ ಕಟ್ಟೋರು, ತಂಬಿ," ಎಂದರು. "ಇದನ್ನ ಹಿಡಿದು ನಿಲ್ಲಿಸಿರೋದೇ ನಮ್ಮ ಸಿಮೆಂಟು."

"ಅಂಕಲ್, ಎಂಜಿನಿಯರ್ ಹೇಳೋದನ್ನ ಒಂದ್ಸಲ ಕೇಳಿ ಲಾ," ಎಂದರು ನನ್ನ ಪಕ್ಕದಲ್ಲಿದ್ದ ಫಾದರ್ ಲೀ, ಇಲ್ಲಿಯವರ ಮಾತಿನ ಬಾಲವಾದ ‘ಲಾ’ ಸೇರಿಸಿ.

"ಕೇಳ್ತೀನಿ. ಈ ತಂಬಿ ಬೆಳಿಗ್ಗೆಯಿಂದ ಏನಾದ್ರೂ ತಿಂದಿದಾರಾ? ಹಸಿದವರ ಹತ್ರ ನಾನು ಜಗಳ ಆಡಲ್ಲ."

ನಾನು ತಿಂದಿರಲಿಲ್ಲ. ಅವರು ಲಾರಿಯ ಕನ್ನಡಿಗೆ ನೇತುಹಾಕಿದ್ದ ಕಾಫಿಯನ್ನು ತೆಗೆದುಕೊಂಡರು. ಇಲ್ಲಿ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿ ತರುವ ಕಾಫಿ ದಾರ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ಅದನ್ನು ಹಿಡಿದು ನಿಧಾನವಾಗಿ ಮರದ ಕೆಳಗೆ ನನ್ನ ಬಳಿ ಬಂದರು. ನಾನು ಕೈ ಚಾಚಿದೆ. ದಾರ ಇನ್ನೂ ಅವರ ಬೆರಳಲ್ಲೇ ಇತ್ತು.

ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಹಾಸಿಗೆ ಕೊಡವಿದಂತೆ ಕೇಳಿತು. ಗೋಪುರದ ದಕ್ಷಿಣ ಮುಖದಿಂದ ಬಾಗಿಲಿನಷ್ಟು ಅಗಲದ ಸಿಮೆಂಟು ಹಲಗೆ, ತನಗಂಟಿದ್ದ ಇಟ್ಟಿಗೆಗಳ ಸಮೇತ, ಗೋಡೆಗುಂಟ ಜಾರಿ ಅವರು ಬೆನ್ನು ಆನಿಸಿದ್ದ ಜಾಗದಲ್ಲೇ ಬಿದ್ದು ಒಡೆಯಿತು. ಧೂಳು ಏಳಲಿಲ್ಲ. ಅಷ್ಟು ಒದ್ದೆಯಾಗಿತ್ತು. ಕಾಫಿ ಚೀಲವನ್ನು ಝೇವಿಯರ್ ನಮ್ಮಿಬ್ಬರ ಕೈಯಿಂದ ತೆಗೆದು ಪಕ್ಕಕ್ಕಿಟ್ಟ.

ನಾನು ತಡೆಯುವ ಮೊದಲೇ ಅಯ್ಯ ಗೋಡೆಯ ಬಳಿ ಹೋಗಿ ಬೆತ್ತಲಾದ ಇಟ್ಟಿಗೆಯ ಮೇಲೆ ಅಂಗೈ ಇಟ್ಟರು. ನೀರು ಬೆರಳುಗಳ ಸಂದಿಯಲ್ಲಿ ಜಿನುಗಿತು. ಬಾವಿಯೊಳಗಿನ ವಾಸನೆ ನನ್ನವರೆಗೂ ಬಂತು.

"ಇಷ್ಟು ವರ್ಷ ನೆನೆದುಕೊಂಡೇ ನಿಂತಿತ್ತಾ?" ಎಂದು ಗೋಡೆಯನ್ನೇ ಕೇಳಿದಂತೆ ಕೇಳಿದರು. ಆಮೇಲೆ ನನ್ನತ್ತ ತಿರುಗಿದರು. "ನಿಲ್ಲುತ್ತಾ, ತಂಬಿ?"

ಸಿಮೆಂಟನ್ನೆಲ್ಲ ತೆಗೆದು ಒಣಗಲು ಬಿಟ್ಟರೆ ನಿಲ್ಲುತ್ತದೆ, ವರದಿಗೆ ನಾನೇ ಸಹಿ ಹಾಕುತ್ತೇನೆ, ಇದು ಮೈಮೇಲಿದ್ದರೆ ಮಾತ್ರ ನಿಲ್ಲುವುದಿಲ್ಲ ಎಂದೆ. ಅವರು ಬಿದ್ದ ಸಿಮೆಂಟಿನ ಒಂದು ಚೂರನ್ನು ಎತ್ತಿ ತಿರುಗಿಸಿ ನೋಡಿದರು. ಅಪ್ಪನ ಕೈಕೆಲಸವನ್ನು ಕಿತ್ತುಹಾಕಲು ಒಪ್ಪಬೇಕಾಗಿತ್ತು. ಕೊನೆಗೆ ಮಗನಿಗೆ ಹೇಳಿದರು: "ಚೀಲ ವಾಪಸ್ ಕೊಟ್ಟು ಬಾ. ಬರುವಾಗ ಉಳಿ ತಾ."

ಆ ವರ್ಷ ಗೋಪುರದ ಸುತ್ತ ಬೇಲಿ ಹಾಕಿ, ಗಂಟೆ ಬಾರಿಸದೆ ಹಬ್ಬ ಮಾಡಿದರು. ಇಟ್ಟಿಗೆಗೆ ಆಧಾರ ಕೊಡುತ್ತಾ ಸಿಮೆಂಟನ್ನು ಸ್ವಲ್ಪ ಸ್ವಲ್ಪವೇ ಬಿಡಿಸಲು ತಿಂಗಳುಗಳು ಬೇಕಾದವು. ಗೋಡೆ ಒಣಗಲು ಇನ್ನೂ ಹೆಚ್ಚು. ಕರಗಿದ ಗಾರೆ ತೆಗೆದು ಹೊಸ ಗಾರೆ ತುಂಬಿದೆವು. ಬಿಷಪ್ಪರು ಕೆಡವುವ ಮಾತು ಮತ್ತೆ ಎತ್ತಲಿಲ್ಲ. ಮರುವರ್ಷದ ಹಬ್ಬಕ್ಕೆ ಮುಂಚೆ ಅಯ್ಯ ಕುರ್ಚಿಯಲ್ಲಿ ಕೂತು, ಮಗ ಬಳಿಯುತ್ತಿದ್ದ ಸುಣ್ಣ ತೆಳುವಾಯಿತು, ದಪ್ಪವಾಯಿತು ಎಂದು ಬೈಯುತ್ತಿದ್ದರು. ಹರಕೆ ಅಪ್ಪನನ್ನು ದಾಟಿ ತಾತನ ಬಳಿ ಹೋಯಿತು, ಅಷ್ಟೇ ಎಂದು ನನಗೆ ಹೇಳಿದರು.

ಗಟ್ಟಿಯಾದದ್ದು ಒಳ್ಳೆಯದು ಎಂದು ಕಾಲೇಜಿನಲ್ಲಿ ಕಲಿತವನು ನಾನು. ಕಟ್ಟಡಕ್ಕೆ ಏನು ಕೊಡಬೇಕೆಂದು ಯೋಚಿಸುವ ಮೊದಲು ಅದು ಏನನ್ನು ಹೊರಗೆ ಬಿಡಬೇಕಾಗಿದೆ ಎಂದು ನೋಡಬೇಕು. ಇದನ್ನು ನನಗೆ ಮನದಟ್ಟು ಮಾಡಿಸಿದ್ದು ಆ ಗೋಪುರ.

ಅಂದು ಅದನ್ನು ಕಂಡವರು ನಾಲ್ವರು. ಫಾದರ್ ಲೀ ಈಗ ಬೇರೆ ಊರಿನ ಚರ್ಚಿನಲ್ಲಿದ್ದಾರೆ. ಝೇವಿಯರ್ ಅದೇ ಲಾರಿ ಓಡಿಸುತ್ತಾನೆ. ನಾನು ನಿವೃತ್ತನಾಗಿ ಇದನ್ನು ಬರೆಯುತ್ತಿದ್ದೇನೆ. ಆರೋಗ್ಯಸಾಮಿ ಅಯ್ಯನೂ ಇದ್ದಾರೆ. ಹಬ್ಬ ಹತ್ತಿರ ಬಂದಾಗ ಫೋನ್ ಮಾಡುತ್ತಾರೆ. ಗೋಡೆಯ ವಿಷಯ ಎತ್ತುವುದಿಲ್ಲ, ಮೊದಲು ತಿಂಡಿ ಆಯಿತಾ ಎಂದು ಕೇಳುತ್ತಾರೆ.